ಕಾಗೆಯ ಬುದ್ಧಿ ನೋಡಬೇಕಾ? ಮೊದಲು ನೀವು ಪಾಸಾಗಬೇಕು

ಹೂಜಿಗೆ ಕಲ್ಲು ಹಾಕಿ ನೀರು ಕುಡಿದ ಕಾಗೆಯ ಕತೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಕಾಗೆ ತಲೆ ಓಡಿಸುವುದನ್ನು ಕಣ್ಣಾರೆ ನೋಡಿದವರು ಕಡಿಮೆ. ಅದಕ್ಕೆ ಕಾಡಿಗೆ ಹೋಗಬೇಕಿಲ್ಲ. ಒಂದು ತಾರಸಿ ಅಥವಾ ಬಾಲ್ಕನಿ, ದಿನಕ್ಕೆ ನಾಲ್ಕೈದು ಕಡಲೆಕಾಯಿ ಬೀಜ, ಎರಡು ತೆಂಗಿನ ಚಿಪ್ಪು, ಒಂದು ತಿಂಗಳ ತಾಳ್ಮೆ ಸಾಕು.

ಮೊದಲು ನಿಮ್ಮ ಮನೆಗೆ ಬರುವುದು ಯಾವುದು ನೋಡಿ. ಕತ್ತು ಬೂದು ಬಣ್ಣ ಇದ್ದರೆ ಊರು ಕಾಗೆ, ಪೂರ್ತಿ ಕಪ್ಪಗಿದ್ದು ಕೊಕ್ಕು ದಪ್ಪ ಇದ್ದರೆ ಕಾಡು ಕಾಗೆ. ತೋಟದ ಕಡೆ ಮನೆ ಇದ್ದವರಿಗೆ ಉದ್ದ ಬಾಲದ ಮಟಪಕ್ಷಿಯೂ ಸಿಗುತ್ತದೆ, ಅದೂ ಕಾಗೆಯ ದಾಯಾದಿಯೇ.

ಈಗ ಸಮಯ ಗೊತ್ತು ಮಾಡಿ. ಬೆಳಿಗ್ಗೆ ಏಳು ಅಂದರೆ ಏಳೇ. ಅದೇ ಜಾಗ, ಇಡುವವರೂ ನೀವೇ. ಬೀಜಕ್ಕೆ ಉಪ್ಪು ಖಾರ ಬೇಡ, ಬೇಯಿಸಿದ ಮೊಟ್ಟೆಯ ಚೂರು ಇಟ್ಟರೂ ಆದೀತು. ಇಟ್ಟವರು ಅಲ್ಲೇ ನಿಂತು ಗುರಾಯಿಸಬೇಡಿ, ಬೆನ್ನು ತಿರುಗಿಸಿ ಸುಮ್ನೆ ಒಳಗೆ ಹೋಗಿ. ಮೊದಲ ವಾರ ನೀವು ಕಾಗೆಯನ್ನು ನೋಡುತ್ತಿಲ್ಲ, ಅದೇ ನಿಮ್ಮನ್ನು ನೋಡುತ್ತಿರುತ್ತದೆ, ಇವನು ಎಂಥವನು, ಕಲ್ಲು ಎತ್ತುವವನಾ ಕಾಳು ಹಾಕುವವನಾ ಅಂತ.

ಇದು ನನ್ನ ಕಲ್ಪನೆ ಅಲ್ಲ. 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವಿಜ್ಞಾನಿ ಜಾನ್ ಮಾರ್ಜ್‌ಲಫ್ ಮತ್ತು ಜೊತೆಯವರು ಆದಿಮಾನವನ ಮುಖವಾಡ ಹಾಕಿಕೊಂಡು ಏಳು ಕಾಗೆ ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಟ್ಟರು. ಆಮೇಲೆ ಆ ಮುಖವಾಡ ಕಂಡರೆ ಸಾಕು, ಕಾಗೆಗಳು ಬೈದು ಅಟ್ಟಿಸಿಕೊಂಡು ಬರುತ್ತಿದ್ದವು. ವರ್ಷಗಳು ಕಳೆದರೂ ಮರೆಯಲಿಲ್ಲ, ಆವತ್ತು ಹುಟ್ಟೇ ಇರದ ಮರಿಗಳೂ ದೊಡ್ಡವರನ್ನು ನೋಡಿ ಬೈಯಲು ಕಲಿತವು. ಆದ್ದರಿಂದ ಮನೆಯಲ್ಲಿ ಕಾಗೆಗೆ ಕಲ್ಲು ಬೀರುವ ಹುಡುಗ ಇದ್ದರೆ ಮೊದಲು ಅವನನ್ನು ಒಪ್ಪಿಸಿ.

ಕಾಗೆ ಹೆದರದೆ ಬರತೊಡಗಿದ ಮೇಲೆ ಚಿಪ್ಪಿನ ಆಟ. ಹೊಸ ಸಾಮಾನು ಕಂಡರೆ ಇವಕ್ಕೆ ಭಾರಿ ಅನುಮಾನ, ಹಾಗಾಗಿ ಚಿಪ್ಪುಗಳನ್ನು ಮೂರು ನಾಲ್ಕು ದಿನ ಸುಮ್ನೆ ಬೋರಲು ಹಾಕಿಟ್ಟಿರಿ. ಆಮೇಲೆ ಕಾಗೆ ನೋಡುತ್ತಿರುವಾಗಲೇ ಒಂದರ ಕೆಳಗೆ ಬೀಜ ಇಟ್ಟು ದೂರ ಸರಿಯಿರಿ. ನಮ್ಮ ಮನೆ ಕಾಗೆ ಮೊದಲ ದಿನ ಪಕ್ಕಕ್ಕೆ ಕುಪ್ಪಳಿಸಿ, ಚಿಪ್ಪಿನ ಅಂಚಿಗೆ ಒಂದು ಸಲ ಕುಕ್ಕಿ, ಭೂತ ಕಂಡ ಹಾಗೆ ಎರಡಡಿ ಹಿಂದಕ್ಕೆ ಹಾರಿತು. ಮತ್ತೆ ಬಂತು. ನಾಲ್ಕನೇ ಸಲಕ್ಕೆ ಕೊಕ್ಕು ತೂರಿಸಿ ಉರುಳಿಸಿಯೇ ಬಿಟ್ಟಿತು. ಖಾಲಿ ಚಿಪ್ಪನ್ನು ಮುಟ್ಟಲಿಲ್ಲ.

ಪಕ್ಕದಲ್ಲಿ ಅಗಲ ಬಾಯಿಯ ಬಟ್ಟಲಲ್ಲಿ ನೀರಿಡಿ, ಒಣಗಿದ ಚಪಾತಿ ಚೂರು ಹಾಕಿ. ಅದನ್ನು ತಂದು ನೀರಲ್ಲಿ ಅದ್ದಿ, ಕಾದು, ಮೆತ್ತಗಾದ ಮೇಲೆ ತಿನ್ನುತ್ತದೆ, ನಾವು ಚಹಾದಲ್ಲಿ ರಸ್ಕ್ ಅದ್ದುವ ಹಾಗೆ! ಹೂಜಿ ಕತೆಯನ್ನು ಮಾತ್ರ ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ, ಹಾರಾಡಿಕೊಂಡಿರುವ ಕಾಗೆ ಅಷ್ಟು ಹೊತ್ತು ನಿಮ್ಮ ಗಾಜಿನ ಕೊಳವೆ ಮುಂದೆ ಕೂರುವುದಿಲ್ಲ. ಆ ಕೆಲಸ 2009ರಲ್ಲಿ ಇಂಗ್ಲೆಂಡಿನಲ್ಲಿ ಆಗಿದೆ. ಕ್ರಿಸ್ಟೋಫರ್ ಬರ್ಡ್ ಮತ್ತು ನೇಥನ್ ಎಮರಿ ಎಂಬ ವಿಜ್ಞಾನಿಗಳು, ಕಾಗೆ ಜಾತಿಯ ನಾಲ್ಕು ರೂಕ್ ಹಕ್ಕಿಗಳ ಮುಂದೆ ನೀರಿನ ಕೊಳವೆ ಇಟ್ಟು ಅದರಲ್ಲಿ ಹುಳ ತೇಲಿಬಿಟ್ಟರು. ನಾಲ್ಕೂ ಕಲ್ಲು ಹಾಕಿ ನೀರು ಮೇಲೇರಿಸಿದವು, ಅದೂ ದೊಡ್ಡ ಕಲ್ಲನ್ನೇ ಆರಿಸಿ.

ನನಗೆ ಎಲ್ಲಕ್ಕಿಂತ ಇಷ್ಟ ಬಚ್ಚಿಡುವ ಆಟ. ಒಂದೇ ಕಾಗೆ ಇದ್ದಾಗ ಬೀಜ ಸ್ವಲ್ಪ ಜಾಸ್ತಿ ಹಾಕಿ. ಹೊಟ್ಟೆ ತುಂಬಿದ ಮೇಲೆ ಹೂಕುಂಡದ ಮಣ್ಣಿಗೋ ಹೆಂಚಿನ ಸಂದಿಗೋ ತುರುಕಿ, ಮೇಲೊಂದು ಎಲೆ ಎಳೆಯುತ್ತದೆ. ಇನ್ನೊಂದು ಕಾಗೆ ಬಂದು ಕೂತರೆ ಏನು ಮಾಡುತ್ತದೆ ನೋಡಿ. ಒಮ್ಮೊಮ್ಮೆ ಅದು ಹೋಗುವ ತನಕ ಕಾದು, ಬೀಜ ತೆಗೆದು ಬೇರೆ ಕಡೆ ಇಡುತ್ತದೆ. ಎಮರಿ ಮತ್ತು ನಿಕೋಲಾ ಕ್ಲೇಟನ್ 2001ರಲ್ಲಿ ಸ್ಕ್ರಬ್ ಜೇ ಎಂಬ ಇವುಗಳ ನೆಂಟರಲ್ಲಿ ಇದನ್ನೇ ಪರೀಕ್ಷಿಸಿದಾಗ, ಹಿಂದೆ ಬೇರೆಯವರದ್ದು ಕದ್ದು ತಿಂದಿದ್ದ ಹಕ್ಕಿಗಳು ಮಾತ್ರ ಜಾಗ ಬದಲಿಸಿದವು, ಕದ್ದು ಗೊತ್ತಿಲ್ಲದವು ತಲೆ ಕೆಡಿಸಿಕೊಳ್ಳಲೇ ಇಲ್ಲ. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು, ಅಲ್ವಾ?

ಒಂದು ಎಚ್ಚರಿಕೆ. ಬೇಸಿಗೆಯಿಂದ ಮಳೆ ಶುರುವಾಗುವ ತನಕ ಗೂಡಿನ ಕಾಲ. ಕೆಳಗೆ ಬಿದ್ದ ಮರಿ ಕಂಡರೆ ಎತ್ತಿಕೊಳ್ಳಲು ಓಡಬೇಡಿ, ಹಾರಲು ಕಲಿಯುವ ಮರಿ ಹೀಗೆ ಇಳಿಯುವುದುಂಟು, ಅಪ್ಪ ಅಮ್ಮ ಮೇಲೇ ಇರುತ್ತವೆ. ನಾನು ಪಾಪ ಅಂತ ಒಂದನ್ನು ಗೋಡೆ ಮೇಲೆ ಇಡಲು ಹೋಗಿ ತಲೆಗೆ ಕುಕ್ಕಿಸಿಕೊಂಡೆ, ಆಮೇಲೆ ಎರಡು ವಾರ ಬಟ್ಟೆ ಒಣಹಾಕಲು ಹೆಲ್ಮೆಟ್ ಹಾಕಿಕೊಂಡು ಹೋಗಬೇಕಾಯಿತು. ಇಷ್ಟೆಲ್ಲ ಚುರುಕಾದ ಈ ಜಾತಿ ಕೋಗಿಲೆಯ ಮರಿಯನ್ನು ತನ್ನದೇ ಅಂತ ಸಾಕುತ್ತದೆ ನೋಡಿ, ಅದು ಬೇರೆ ಮಾತು.

ಕೊನೆಗೆ, ಮಹಾಲಯ ಅಮಾವಾಸ್ಯೆ ದಿನ ಮಾತ್ರ ಪರೀಕ್ಷೆ ಇಟ್ಟುಕೊಳ್ಳಬೇಡಿ. ಅಕ್ಕಪಕ್ಕದ ತಾರಸಿಗಳಲ್ಲೆಲ್ಲ ವಡೆ ಪಾಯಸದ ಎಡೆ ಇಟ್ಟು ಜನ ಕಾ ಕಾ ಅಂತ ಕರೆಯುತ್ತಿರುವಾಗ, ನಿಮ್ಮ ಒಣ ಕಡಲೆಕಾಯಿ ಕಡೆ ಅದು ತಿರುಗಿಯೂ ನೋಡುವುದಿಲ್ಲ.