ಕೆಟ್ಟ ಕ್ಯಾಮೆರಾ: ರಿಪೇರಿ ಮಾಡಿಸುವುದೋ, ಹೊಸದು ಕೊಳ್ಳುವುದೋ?

ಮಳೆಗಾಲ ಕಳೆದು ಕಪಾಟಿನಿಂದ ತೆಗೆದ ಕ್ಯಾಮೆರಾ ಕೈಕೊಟ್ಟಿದೆ ಎಂದು ಕೆಲವರು ಕೇಳಿದ್ದರಿಂದ ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ಮೊದಲು ಬೇರೆ ಬ್ಯಾಟರಿ, ಬೇರೆ ಮೆಮೊರಿ ಕಾರ್ಡ್ ಹಾಕಿ ನೋಡಿ. ಲೆನ್ಸ್ ಬಿಚ್ಚಲು ಬರುವಂಥದ್ದಾದರೆ ಸ್ನೇಹಿತರ ಲೆನ್ಸ್ ಜೋಡಿಸಿ ಪರೀಕ್ಷಿಸಿ.

ನಮ್ಮ ಕರಾವಳಿಯ ತೇವದಲ್ಲಿ ದೊಡ್ಡ ಶತ್ರು ಫಂಗಸ್, ಅಂದರೆ ಬೂಷ್ಟು. ಲೆನ್ಸಿನ ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿ ಓರೆಯಾಗಿ ನೋಡಿದರೆ, ಗಾಜಿನ ಅಂಚಿನಿಂದ ಒಳಕ್ಕೆ ಹಬ್ಬಿದ, ಜೇಡರ ಬಲೆಯಂತಹ ಬಿಳಿ ಎಳೆಗಳು ಕಾಣುತ್ತವೆ. ಆರಂಭದಲ್ಲಿಯೇ ಬಿಚ್ಚಿಸಿ ಶುಚಿ ಮಾಡಿಸಿದರೆ ಲೆನ್ಸ್ ಉಳಿಯುತ್ತದೆ. ಗಾಜಿನ ಮೇಲಿನ ಕೋಟಿಂಗನ್ನೇ ಅದು ತಿಂದಿದ್ದರೆ ಕಲೆ ಹೋಗುವುದಿಲ್ಲ, ಹಣ ಹಾಕಬೇಡಿ.

ಮಲ್ಪೆಯ ಕಡಲತೀರದಲ್ಲಿ ಮರಳು ಸಿಕ್ಕಿ ನನ್ನ ಸಣ್ಣ ಕ್ಯಾಮೆರಾದ ಲೆನ್ಸ್ ಅರ್ಧಕ್ಕೇ ನಿಂತಾಗ, ರಿಪೇರಿಗೆ ಹೇಳಿದ ಮೊತ್ತವು ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಬೆಲೆಗಿಂತ ಹೆಚ್ಚಾಗಿದ್ದುದರಿಂದ ನಾನು ಅದನ್ನು ಕೈಬಿಟ್ಟೆ. ಆ ಬೆಲೆಯ ಅರ್ಧ ದಾಟಿದರೆ ರಿಪೇರಿ ಬೇಡವೆಂಬುದು ಅಂದಿನಿಂದ ನನ್ನ ಲೆಕ್ಕ. ಉಪ್ಪುನೀರು ಒಳಹೊಕ್ಕಿದ್ದರಂತೂ, ಇಂದು ಸರಿಯಾದರೂ ಸರ್ಕ್ಯೂಟ್ ಮುಂದೆ ತುಕ್ಕು ಹಿಡಿಯುವ ಸಾಧ್ಯತೆ ಇರುವುದರಿಂದ, ಬದಲಾಯಿಸುವುದೇ ಲೇಸು. ಲೆನ್ಸ್ ಬದಲಾಯಿಸಬಲ್ಲ ದೊಡ್ಡ ಕ್ಯಾಮೆರಾವಾದ ಡಿಎಸ್‌ಎಲ್‌ಆರ್‌ನ ಶಟರ್ (ಬೆಳಕನ್ನು ಒಳಬಿಡಲು ತೆರೆದು ಮುಚ್ಚುವ ಪರದೆ) ಮಾತ್ರ ಹೋಗಿದ್ದು, ಬಿಡಿಭಾಗ ಸಿಗುವುದಾದರೆ ಧೈರ್ಯವಾಗಿ ಹಾಕಿಸಿ. ಅನೇಕ ಮಾದರಿಗಳ ಶಟರನ್ನು 1 ಲಕ್ಷಕ್ಕೂ ಹೆಚ್ಚು ಕ್ಲಿಕ್‌ಗಳಿಗೆ ಪರೀಕ್ಷಿಸಿರುತ್ತಾರೆ.

ಅಂಗಡಿಗೆ ಕೊಡುವ ಮುನ್ನ ಅಂದಾಜು ವೆಚ್ಚವನ್ನು ಬರೆಸಿಕೊಳ್ಳಿ, ಮೆಮೊರಿ ಕಾರ್ಡನ್ನು ತೆಗೆದಿಟ್ಟುಕೊಳ್ಳಿ. ಮರಳಿ ಬಂದ ಮೇಲೆ ಚರ್ಮದ ಚೀಲದಲ್ಲಿಡದೆ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ.