ಮಾಡೆಲ್ ಟಿ ಸ್ಟೀರಿಂಗ್: ಮೊದಲು ಸಡಿಲ ತೆಗೆಯಿರಿ, ಟೋ-ಇನ್ ಆಮೇಲೆ

ಫೋರ್ಡ್ ಮಾಡೆಲ್ ಟಿ (1908–1927) ನೇರ ರಸ್ತೆಯಲ್ಲೂ ಅತ್ತಿತ್ತ ಎಳೆದರೆ ಹೆಚ್ಚಿನವರು ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ತುಸು ಒಳಕ್ಕೆ ತಿರುಗಿರುವುದು) ತಿದ್ದಲು ಸೀದಾ ಟೈ ರಾಡ್‌ಗೆ, ಅಂದರೆ ಆ ಎರಡು ಚಕ್ರಗಳನ್ನು ಜೋಡಿಸುವ ಸರಳಿಗೆ, ಸ್ಪ್ಯಾನರ್ ಹಾಕುತ್ತಾರೆ. ನಾನು ಅದನ್ನು ಕೊನೆಗೆ ಮುಟ್ಟುವುದು. ಈ ಕಾರಿನ ಸ್ಟೀರಿಂಗ್ ಗೇರ್ ಇರುವುದು ಸ್ಟೀರಿಂಗ್ ವೀಲ್‌ನ ಅಡಿಯಲ್ಲೇ. ಅನುಪಾತ 4:1, ಕೊನೆಯ ವರ್ಷಗಳಲ್ಲಿ 5:1. ಅಂದರೆ ಸ್ಟೀರಿಂಗ್ ಕಂಬದ ಬುಡದ 1 ಡಿಗ್ರಿ ಸಡಿಲ ಕೈಗೆ 4 ಡಿಗ್ರಿಯಾಗಿ ಬರುತ್ತದೆ. ಕೆಳಗಿನಿಂದ ಕೆಲಸ ಶುರುಮಾಡುವುದು ಅದಕ್ಕೇ.

ಟೈರು ನೆಲದಲ್ಲೇ ಇರಲಿ. ಒಬ್ಬರು ಸ್ಟೀರಿಂಗ್ ವೀಲನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪ ಅಲುಗಾಡಿಸಲಿ. ನಾನು ಒಂದೊಂದು ಕೀಲಿನ ಮೇಲೂ ಬೆರಳಿಡುತ್ತೇನೆ, ಅರ್ಧ ಒಂದು ಭಾಗದ ಮೇಲೆ, ಅರ್ಧ ಇನ್ನೊಂದರ ಮೇಲೆ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಸಿಗುತ್ತದೆ.

ಸ್ಟೀರಿಂಗ್ ಕಂಬದ ಬುಡದಿಂದ ಟೈ ರಾಡ್‌ಗೆ ಹೋಗುವ ಸರಳಾದ ಡ್ರ್ಯಾಗ್ ಲಿಂಕ್‌ನ ಬಾಲ್ ಕ್ಯಾಪ್ (ಗುಂಡು ಕೀಲಿನ ಮುಚ್ಚಳ) ಸಡಿಲವಿದ್ದರೆ ಅದರ ಕೂಡುವ ಮುಖವನ್ನು ಅರದಿಂದ ಸ್ವಲ್ಪವೇ ಉಜ್ಜಿ ಮತ್ತೆ ಬಿಗಿದರೆ ಸಾಕು. ಆದರೆ ಬಾಲ್ ಅಂಡಾಕಾರಕ್ಕೆ ಸವೆದಿದ್ದರೆ ಹುಷಾರು: ನೇರ ಸ್ಥಾನದಲ್ಲಿ ಸರಿ ಕೂತದ್ದು ಪೂರ್ತಿ ತಿರುಗಿಸಿದಾಗ ಹಿಡಿದುಕೊಳ್ಳುತ್ತದೆ. ಅಂಥ ಬಾಲ್ ಬದಲಿಸುವುದೇ ಲೇಸು. ಮುಂದಿನ ಚಕ್ರವನ್ನು ಹೊತ್ತು ತಿರುಗುವ ಸ್ಪಿಂಡಲ್‌ನ ಮೇಲಿನ, ಕೆಳಗಿನ ಬುಷ್‌ಗಳನ್ನು ಒಂದೇ ಉದ್ದ ರೀಮರ್‌ನಲ್ಲಿ (ರಂಧ್ರವನ್ನು ಅಳತೆಗೆ ತರುವ ಸಾಧನ) ಒಟ್ಟಿಗೆ ರೀಮ್ ಮಾಡಬೇಕು. ಬೇರೆಬೇರೆಯಾಗಿ ಮಾಡಿದರೆ ರಂಧ್ರಗಳು ಒಂದೇ ಗೆರೆಗೆ ಬರದೆ ಪಿನ್ ಬಿಗಿಯುತ್ತದೆ, ತಿರುವು ಮುಗಿದ ಮೇಲೆ ವೀಲ್ ತಾನಾಗಿ ಮರಳುವುದಿಲ್ಲ.

ಮುಂದಿನ ಅನುಮಾನ ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್‌ನ ಹಿಂದಿನ ವಾಲು. ಕಿಂಗ್‌ಪಿನ್ (ಸ್ಪಿಂಡಲ್ ತಿರುಗುವ ಪಿನ್) ಮೇಲ್ತುದಿ ಹಿಂದಕ್ಕೆ ಸುಮಾರು 5½ ಡಿಗ್ರಿ ವಾಲಿರಬೇಕು; ತೂಗುಗುಂಡು ಬಿಟ್ಟು ನೋಡಿದರೆ 10 ಇಂಚಿಗೆ ಹೆಚ್ಚುಕಡಿಮೆ 1 ಇಂಚು. ಸ್ಪ್ರಿಂಗನ್ನು ಆಕ್ಸಲ್‌ಗೆ ಜೋಡಿಸುವ ಎಡ–ಬಲ ಸ್ಪ್ರಿಂಗ್ ಪರ್ಚ್‌ಗಳನ್ನು ಅದಲುಬದಲು ಹಾಕಿದ್ದರೆ ಈ ವಾಲು ಕೆಡುತ್ತದೆ, ಟೋ-ಇನ್ ಎಷ್ಟು ತಿದ್ದಿದರೂ ಕಾರು ಅಲೆಯುತ್ತಲೇ ಇರುತ್ತದೆ. ಆಕ್ಸಲನ್ನು ಹಿಂದಿನಿಂದ ಹಿಡಿದಿಡುವ ರೇಡಿಯಸ್ ರಾಡ್‌ನ ಹಿಂದಿನ ಬಾಲ್ ಕ್ಯಾಪ್ ಸಡಿಲವಾದರೂ ಆಕ್ಸಲ್ ಹಿಂದೆಮುಂದೆ ಸರಿದು ಇದೇ ಗತಿ.

ಇವೆಲ್ಲ ಸರಿಯಾದ ಮೇಲೆ ಟೋ-ಇನ್: ಹಬ್‌ನ (ಚಕ್ರದ ನಡುಭಾಗ) ಎತ್ತರದಲ್ಲಿ, ಎರಡು ಮುಂಚಕ್ರಗಳ ನಡುವಿನ ಅಂತರ ಮುಂದೆ ಹಿಂದಿಗಿಂತ 3/16ರಿಂದ 1/4 ಇಂಚು ಕಡಿಮೆ. ಮರದ ಚಕ್ರ ಸೊಟ್ಟವಿರುವುದು ಸಾಮಾನ್ಯ. ಹಾಗಾಗಿ ಚಾಕ್ ಗುರುತು ಹಾಕಿ ಮುಂದೆ ಅಳೆಯಿರಿ, ಕಾರನ್ನು ಅರ್ಧ ಸುತ್ತು ದೂಡಿ ಅದೇ ಗುರುತನ್ನು ಹಿಂದೆ ಅಳೆಯಿರಿ.

ರಸ್ತೆಗಿಳಿಸುವ ಮುನ್ನ ಆಕ್ಸಲ್ ಜ್ಯಾಕ್ ಮೇಲಿರಲಿ, ವೀಲನ್ನು ಎರಡೂ ಕೊನೆವರೆಗೆ ತಿರುಗಿಸಿ. ಪಿಟ್‌ಮ್ಯಾನ್ ಆರ್ಮ್ (ಸ್ಟೀರಿಂಗ್ ಕಂಬದ ಬುಡದ ತೋಳು) ಮತ್ತು ಡ್ರ್ಯಾಗ್ ಲಿಂಕ್ ಒಂದೇ ಗೆರೆಗೆ ಬಂದರೆ ಓಡಿಸಲೇಬೇಡಿ. ಆ ಗೆರೆ ದಾಟಿದರೆ ಸ್ಟೀರಿಂಗ್ ಆ ಕಡೆಗೇ ಸಿಕ್ಕಿಕೊಳ್ಳುತ್ತದೆ, ತಿರುಗಿಸಿದರೂ ವಾಪಸ್ ಬರುವುದಿಲ್ಲ. ಸ್ಪ್ರಿಂಗ್ ತುದಿಯ ಕೊಂಡಿಗಳಾದ ಶ್ಯಾಕಲ್‌ಗಳು ಸವೆದು ಆಕ್ಸಲ್ ಪಕ್ಕಕ್ಕೆ ಸರಿಯುವುದೂ ಇದಕ್ಕೆ ಕಾರಣವಾಗಬಹುದು, ಅವನ್ನೂ ನೋಡಿ. ಕ್ಯಾಸಲ್ ನಟ್‌ಗಳಿಗೆಲ್ಲ (ತಲೆಯಲ್ಲಿ ಸೀಳುಗಳಿರುವ ನಟ್) ಅವು ಸಡಿಲವಾಗದಂತೆ ಹೊಸ ಕಾಟರ್ ಪಿನ್ ಹಾಕಿ.