ಅಂಗಡಿಯಲ್ಲಿ ಒಂದು ಬಣ್ಣ, ಅಂಗಳದಲ್ಲಿ ಒಂದು ಬಣ್ಣ

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಓಣಿಯಲ್ಲಿ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇದೆ. ನಾವು ಸೀರೆ ಮಾರುವುದಿಲ್ಲ. ಸೀರೆ ತಂದವರಿಗೆ ಅದಕ್ಕೊಪ್ಪುವ ಬ್ಲೌಸ್ ಪೀಸು, ಅಸ್ತರ, ಫಾಲು ಕೊಡುತ್ತೇವೆ. ರಾಮಾ ಗ್ರೀನ್ ಬೇರೆ, ಬಾಟಲ್ ಗ್ರೀನ್ ಬೇರೆ, ಗಿಳಿ ಹಸಿರು ಬೇರೆ. ಹಸಿರಿನಲ್ಲೇ ಹದಿನೈದು ಥಾನು ಇಟ್ಟಿರುತ್ತೇವೆ. ನಮ್ಮ ಹೊಟ್ಟೆ ತುಂಬುವುದು ಬಣ್ಣದಿಂದ.

2019ರಲ್ಲಿ ಹಳೇ ಟ್ಯೂಬ್‌ಲೈಟ್ ತೆಗೆಸಿ ಎಲ್‌ಇಡಿ ಹಾಕಿಸಿದೆ. ಅಂಗಡಿ ಝಗಝಗ ಅಂತು. ಕರೆಂಟ್ ಬಿಲ್ಲೂ ಇಳಿಯಿತು. ಆದರೆ ಮದುವೆ ಸೀಸನ್ನು ಶುರುವಾದ ಮೇಲೆ ಪೀಸು ವಾಪಸ್ ಬರತೊಡಗಿದವು. ದಾಳಿಂಬೆ ಕೆಂಪಿನ ಇಳಕಲ್ ಸೀರೆ ತಂದಿದ್ದ ಒಬ್ಬರು ಮರುದಿನವೇ ಬಂದು ಕೌಂಟರ್ ಮೇಲೆ ಪೀಸು ಇಟ್ಟರು.

"ಅಣ್ಣಾರ, ನಿಮ್ಮ ಅಂಗಡ್ಯಾಗ ಬರೋಬ್ಬರಿ ಕೂಡಿತ್ರಿ. ಅಂಗಳದಾಗ ಹಿಡಿದು ನೋಡಿದ್ರ ಸೀರಿ ಕೆಂಪೈತಿ, ಇದು ಕಂದು ಕಾಣತೈತಿ."

ನಾನು ನಂಬಲಿಲ್ಲ. ಅಲ್ಲೇ ಲೈಟಿನ ಕೆಳಗೆ ಎರಡನ್ನೂ ಜೋಡಿಸಿ ಹಿಡಿದೆ. ಕೂಡಿದವು. ಅವರ ಜೊತೆ ಬಾಗಿಲಿಗೆ ಹೋಗಿ ಹಿಡಿದೆ. ಅವರು ಹೇಳಿದ್ದೇ ನಿಜ. ಕತ್ತರಿಸಿದ ಪೀಸು ವಾಪಸ್ ತಗೊಳ್ಳುವ ರೂಢಿ ನಮ್ಮ ಓಣಿಯಲ್ಲಿ ಇಲ್ಲ. ಆದರೂ ತಗೊಂಡೆ.

ಅಪ್ಪ ಇದ್ದಾಗ ಒಂದು ನಿಯಮ ಇತ್ತು. ಥಾನು ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು ನೋಡದೆ ಕತ್ತರಿ ಹಾಕುವ ಹಾಗಿರಲಿಲ್ಲ. ಟ್ಯೂಬ್‌ಲೈಟ್ ಮಂದ ಇತ್ತು, ಹಾಗಾಗಿ ನಾನೂ ಆ ನಿಯಮ ಪಾಲಿಸುತ್ತಿದ್ದೆ. ಎಲ್‌ಇಡಿ ಬಂದ ಮೇಲೆ, ಇಷ್ಟು ಬೆಳಕಿದೆಯಲ್ಲ ಅಂತ ಬಿಟ್ಟುಬಿಟ್ಟೆ. ಬೆಳಕು ಜಾಸ್ತಿ ಇರುವುದೇ ಬೇರೆ, ಬೆಳಕಿನಲ್ಲಿ ಎಲ್ಲ ಬಣ್ಣ ಇರುವುದೇ ಬೇರೆ ಅನ್ನೋದು ನನಗೆ ಗೊತ್ತಿರಲಿಲ್ಲ.

ಅದನ್ನು ತೋರಿಸಿಕೊಟ್ಟವಳು ಅಣ್ಣನ ಮಗಳು. ಧಾರವಾಡದಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಳು. ರಜೆಗೆ ಬಂದವಳು ನನ್ನ ಗೋಳು ಕೇಳಿ, "ಕಾಕಾ, ತಪ್ಪು ಬಟ್ಟಿದಲ್ಲ, ಲೈಟಿಂದು. ಒಂದು ಖಾಲಿ ಡಬ್ಬಿ ಕೊಡ್ರಿ" ಅಂದಳು. ಒಂದು ರಟ್ಟಿನ ಡಬ್ಬಿ ಕೊಟ್ಟೆ. ಅದರ ಒಂದು ತುದಿಗೆ ಉದ್ದನೆಯ ತೂತು ಕೊರೆದು, ಅದರ ಮೇಲೆ ಶೇವಿಂಗ್ ಬ್ಲೇಡಿನ ಎರಡು ತುಂಡುಗಳನ್ನು ಎದುರುಬದುರು ಅಂಟಿಸಿದೆವು. ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟೆವು. ಇನ್ನೊಂದು ತುದಿಯಲ್ಲಿ ಹಳೇ ಸಿಡಿಯನ್ನು ಓರೆಯಾಗಿ ನಿಲ್ಲಿಸಿದೆವು, ಸುಮಾರು 60 ಡಿಗ್ರಿ. ಸಿಡಿಯ ನೇರ ಮೇಲೆ ಕಣ್ಣಿಡಲು ಕಿಂಡಿ. ಉಳಿದ ಸಂದುಗಳಿಗೆಲ್ಲ ಕಪ್ಪು ಟೇಪು. ಮೊದಲ ಸಲ ಬರೀ ಮಸುಕು ಕಾಣಿಸಿತು. ಸಂದು ಇನ್ನಷ್ಟು ಕಿರಿದು ಮಾಡಿದ ಮೇಲೆ ಪಟ್ಟಿ ಚೊಕ್ಕಟವಾಗಿ ಬಿಚ್ಚಿಕೊಂಡಿತು. ಸಿಡಿಯ ಮೇಲೆ ಸುರುಳಿ ಸುತ್ತಿದ ಗೆರೆಗಳಿರುತ್ತವೆ. ಒಂದು ಮಿಲಿಮೀಟರಿಗೆ ಸುಮಾರು 625. ಆ ಗೆರೆಗಳೇ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಹರಡುತ್ತವೆ. ನೀವೂ ಮಾಡುವುದಾದರೆ ಒಂದು ಮಾತು: ಡಬ್ಬಿಯನ್ನು ಸೂರ್ಯನ ಕಡೆ ತಿರುಗಿಸಬೇಡಿ. ಬಿಸಿಲು ಬಿದ್ದ ಬಿಳಿ ಗೋಡೆಗೆ ಹಿಡಿದರೆ ಸಾಕು. ಕಣ್ಣು ಹೋದರೆ ಮತ್ತೆ ಬರಲ್ಲ.

ಗೋಡೆಯ ಬಿಸಿಲಿನಲ್ಲಿ ಕೆಂಪಿನಿಂದ ನೇರಳೆವರೆಗೆ ಎಲ್ಲೂ ಕಡಿಯದ ಪಟ್ಟಿ ಕಂಡಿತು. ದೇವರ ಮನೆಯ ಹಳೇ ಗುಂಡು ಬಲ್ಬಿನದೂ ಕಡಿಯದ ಪಟ್ಟಿಯೇ, ಆದರೆ ಕೆಂಪು ದಂಡಿ, ನೀಲಿ ತೀರಾ ಕಡಿಮೆ. ಗೋಡೌನಿನಲ್ಲಿ ಉಳಿದಿದ್ದ ಟ್ಯೂಬ್‌ಲೈಟ್ ಹಚ್ಚಿ ನೋಡಿದಾಗ ಬೆರಗಾದೆ. ಪಟ್ಟಿಯ ಮೇಲೆ ಹೊಳೆಯುವ ಗೆರೆಗಳು! ಒಂದು ಹಸಿರು, ಒಂದು ನೀಲಿ. ಟ್ಯೂಬಿನೊಳಗಿನ ಪಾದರಸದ ಆವಿಯ ಗುರುತು ಅದು. ಕೊನೆಗೆ ನನ್ನ ಎಲ್‌ಇಡಿ. ನೀಲಿ ಒಂದು ಕಡೆ ಗುಡ್ಡದ ಹಾಗೆ ಎದ್ದಿತ್ತು. ನೀಲಿ ಮುಗಿದು ಹಸಿರು ಶುರುವಾಗುವಲ್ಲಿ ಮಬ್ಬು. ಹಸಿರು, ಹಳದಿ ದಟ್ಟ. ಕೆಂಪು ತೆಳ್ಳಗೆ, ಗಡಿ ಮುಟ್ಟುವ ಮೊದಲೇ ಆರಿಹೋಗುತ್ತಿತ್ತು. ಬೆಳಗಿನಿಂದ ರಾತ್ರಿವರೆಗೆ ನಾನು ಕೆಂಪು ಸೀರೆಗಳನ್ನು ನೋಡುತ್ತಿದ್ದದ್ದು ಈ ಬೆಳಕಿನಲ್ಲಿ!

ಕಾರಣ ಆಮೇಲೆ ತಿಳಿಯಿತು. ಬಿಳಿ ಎಲ್‌ಇಡಿ ಒಳಗೆ ಇರುವುದು ನೀಲಿ ಬೆಳಕು ಕೊಡುವ ಸಣ್ಣ ಚಿಪ್. ಅದರ ಮೇಲೆ ಹಳದಿ ಪುಡಿಯ ಲೇಪ. ಸ್ವಲ್ಪ ನೀಲಿ ಹಾಗೇ ಹೊರಬರುತ್ತದೆ, ಉಳಿದದ್ದನ್ನು ಲೇಪ ಹಳದಿ ಬೆಳಕಾಗಿ ಬದಲಿಸುತ್ತದೆ. ಎರಡೂ ಸೇರಿ ಕಣ್ಣಿಗೆ ಬಿಳಿ. ಆ ನೀಲಿ ಎಲ್‌ಇಡಿ ಮಾಡಿ ತೋರಿಸಿದ ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ದೊಡ್ಡ ಕೆಲಸವೇ. ಆದರೆ ಅಗ್ಗದ ಬಲ್ಬಿನಲ್ಲಿ ಕಡುಗೆಂಪಿಗೆ ಪಾಲು ಕಡಿಮೆ.

ಬಟ್ಟೆಗೆ ತನ್ನದೇ ಬೆಳಕಿಲ್ಲ ಅಲ್ವಾ? ಮೇಲೆ ಬಿದ್ದ ಬೆಳಕಿನಲ್ಲಿ ಕೆಲವನ್ನು ಬಣ್ಣದ ಪುಡಿ ನುಂಗುತ್ತದೆ, ಉಳಿದದ್ದನ್ನು ವಾಪಸ್ ಕೊಡುತ್ತದೆ. ಬಲ್ಬು ಕಡುಗೆಂಪು ಕೊಡದಿದ್ದರೆ ಸೀರೆ ಎಲ್ಲಿಂದ ವಾಪಸ್ ಕೊಡಬೇಕು?

ಅಂಗಡಿಯಲ್ಲಿ ಕೂಡಿದ್ದು ಅಂಗಳದಲ್ಲಿ ಯಾಕೆ ಬಿಟ್ಟುಕೊಂಡಿತು ಅನ್ನೋದನ್ನು ನಾನು ಬಿಲ್ಲಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ನಮ್ಮ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ. ಒಂದೊಂದೂ ತನ್ನ ಪಾಲಿನ ಬೆಳಕನ್ನು ಕೂಡಿಸಿ ಮೊತ್ತ ಮಾತ್ರ ಹೇಳುತ್ತದೆ, ಒಳಗಿನ ಐಟಮ್ಮು ಹೇಳುವುದಿಲ್ಲ. ಎರಡು ಬಿಲ್ಲುಗಳ ಮೊತ್ತ 300 ಅಂತಿಟ್ಟುಕೊಳ್ಳಿ. ಒಂದರಲ್ಲಿ ಅಸ್ತರ ಜಾಸ್ತಿ, ಇನ್ನೊಂದರಲ್ಲಿ ಫಾಲು ಜಾಸ್ತಿ. ನಾಳೆ ಅಸ್ತರದ ರೇಟು ಏರಿದರೆ ಮೊತ್ತ ಬೇರೆ ಬೇರೆ ಆಗುತ್ತದೆ. ಸೀರೆಗೆ ಬಣ್ಣ ಕಟ್ಟಿದ್ದು ಒಂದು ಕಡೆ, ಪೀಸಿಗೆ ಇನ್ನೊಂದು ಕಡೆ. ಬಣ್ಣದ ಪುಡಿಗಳೇ ಬೇರೆ. ಬೆಳಕು ಬದಲಾದರೆ ರೇಟು ಬದಲಾದ ಹಾಗೆ.

ಬೆಳಕೂ ಒಂದು ಅಲೆ. ಕೆಂಪು, ಹಸಿರು, ನೀಲಿ ಅಂತ ನಾವು ಕರೆಯುವುದು ಆ ಅಲೆಯ ಉದ್ದವನ್ನು. ಕಡುಗೆಂಪಿನ ಅಲೆ ಸುಮಾರು 700 ನ್ಯಾನೋಮೀಟರ್, ನೇರಳೆಯದು ಸುಮಾರು 400. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ನಮ್ಮ ಅಂಗಡಿಯಲ್ಲಿ ಧಾರವಾಡ ಆಕಾಶವಾಣಿ ಹಚ್ಚಿರುತ್ತೇವೆ, 765 ಕಿಲೋಹರ್ಟ್ಸ್. ಅದೂ ಇದೇ ಜಾತಿಯ ಅಲೆ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ, ಬೆಳಕಿನಷ್ಟೇ ವೇಗ. ಆ ವೇಗವನ್ನು 765 ಸಾವಿರದಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ: ಸುಮಾರು 392 ಮೀಟರ್! ಆ ರಾತ್ರಿ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದೆ. ರೇಡಿಯೋದ ಹಾಡೂ ಸೀರೆಯ ಕೆಂಪೂ ಒಂದೇ ವಂಶದವು, ಅಳತೆ ಮಾತ್ರ ಬೇರೆ.

ಕಣ್ಣಿಗೆ ಕಾಣುವ ಪಟ್ಟಿಯ ಆಚೆ ಈಚೆ ಇರುವವೂ ನನ್ನ ಅಂಗಡಿಯಲ್ಲೇ ಇದ್ದವು. ಖೋಟಾ ನೋಟು ನೋಡುವ ನೇರಳೆ ಲೈಟು ಕೌಂಟರಿನಲ್ಲಿದೆ. ಅದರ ಕೆಳಗೆ ಅಚ್ಚ ಬಿಳಿ ಪಾಪ್ಲಿನ್ ಇಟ್ಟೆ. ನೀಲಿಯಾಗಿ ಹೊಳೆಯಿತು. ಪಕ್ಕದಲ್ಲಿ ಬಿಳುಪು ಮಾಡದ ಕೋರಾ ಬಟ್ಟೆ ಇಟ್ಟೆ. ಅದು ಸುಮ್ನೆ ಕಪ್ಪಗೆ ಬಿದ್ದಿತ್ತು. ಗಿರಣಿಯಲ್ಲಿ ಬಿಳಿ ಬಟ್ಟೆಗೆ ಹೊಳಪಿನ ರಾಸಾಯನಿಕ ಹಾಕುತ್ತಾರೆ. ಅದು ಅತಿನೇರಳೆಯನ್ನು, ಅಂದರೆ ನೇರಳೆಯಾಚೆಯ ಕಣ್ಣಿಗೆ ಕಾಣದ ಬೆಳಕನ್ನು, ನುಂಗಿ ನೀಲಿ ಬೆಳಕು ಕೊಡುತ್ತದೆ. ಬಿಸಿಲಿನಲ್ಲಿ ಅತಿನೇರಳೆ ಇದೆ, ನನ್ನ ಎಲ್‌ಇಡಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಬಿಳಿಯನ್ನು ಬಾಗಿಲಲ್ಲಿ ನೋಡದೆ ಕೊಡುವುದೇ ಇಲ್ಲ. ಶೋಕೇಸಿನ ಬಟ್ಟೆ ಬಿಸಿಲಿಗೆ ಮಾಸುವುದಕ್ಕೂ ಅತಿನೇರಳೆ ಒಂದು ದೊಡ್ಡ ಕಾರಣ. ಅಲೆ ಗಿಡ್ಡ ಆದಷ್ಟೂ ಹೊಡೆತ ಜೋರು, ಬಣ್ಣದ ಪುಡಿಯ ಕಟ್ಟನ್ನೇ ಮುರಿಯುತ್ತದೆ.

ಇನ್ನೊಂದು ತುದಿ ಅತಿಕೆಂಪು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಣ್ಣದ ಪಟ್ಟಿಯ ಕೆಂಪಿನಾಚೆ, ಏನೂ ಕಾಣದ ಕಡೆ ಥರ್ಮಾಮೀಟರ್ ಇಟ್ಟು ನೋಡಿದ. ಅಲ್ಲೇ ಬಿಸಿ ಜಾಸ್ತಿ ಇತ್ತು. ನಮ್ಮ ಸಿಸಿಟಿವಿ ಕತ್ತಲಲ್ಲಿ ನೋಡುವುದು ಅತಿಕೆಂಪಿನಿಂದ. ಒಂದು ರಾತ್ರಿಯ ರೆಕಾರ್ಡಿಂಗ್ ನೋಡುವಾಗ ಕಪ್ಪು ಅಸ್ತರದ ಸಾಲು ಬೂದು ಬಿಳಿಯಾಗಿ ಕಂಡಿತು. ಕಳ್ಳತನ ಆಗಿ ಯಾರೋ ಬೇರೆ ಥಾನು ಇಟ್ಟರೇನೋ ಅಂತ ಎದೆ ಧಸಕ್ ಅಂತು. ಬೆಳಿಗ್ಗೆ ಓಡಿ ಬಂದು ನೋಡಿದರೆ ಅದೇ ಕಪ್ಪು. ಆ ಕಪ್ಪು ಬಣ್ಣ ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ನುಂಗುತ್ತದೆ, ಅತಿಕೆಂಪನ್ನು ವಾಪಸ್ ಕೊಡುತ್ತದೆ.

ಈಗ ಬಲ್ಬಿನ ಮಾತು. ಬೆಳಕು ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನೋದಕ್ಕೆ ಸಿಆರ್‌ಐ ಅಂತ ಅಂಕ ಇದೆ, 100ಕ್ಕೆ. ಮಾಮೂಲಿ ಬಲ್ಬು 80ರ ಆಸುಪಾಸು. ಆದರೆ ಆ ಅಂಕ ಎಂಟು ತೆಳು ಬಣ್ಣಗಳ ಸರಾಸರಿ, ಕಡುಗೆಂಪು ಅದರಲ್ಲಿಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕ. ಸಿಆರ್‌ಐ 80 ಇದ್ದ ಬಲ್ಬಿನ ಆರ್9 ಸೊನ್ನೆಯ ಹತ್ತಿರವೂ ಇರಬಹುದು. ನಮ್ಮ ಕಡೆ ಕೆಂಪು ಸೀರೆಯೇ ಜಾಸ್ತಿ, ಆದ್ದರಿಂದ ಜವಳಿಯವರು ಆರ್9 ಕೇಳಿಯೇ ಬಲ್ಬು ತರಬೇಕು. ನಾನು ಸಿಆರ್‌ಐ 95ರ ಬಲ್ಬು ತರಿಸಿ, ಬರೀ ಕತ್ತರಿಸುವ ಮೇಜಿನ ಮೇಲೆ ಹಾಕಿದೆ. ಪೂರ್ತಿ ಅಂಗಡಿಗೆ ಹಾಕುವುದು ದುಬಾರಿ, ಅಗತ್ಯವೂ ಇಲ್ಲ. ಡಬ್ಬಿ ಹಿಡಿದು ನೋಡಿದರೆ ಕೆಂಪು ಗಡಿವರೆಗೆ ಹರಡಿತ್ತು.

ಇಳಕಲ್ ಸೀರೆಯವರು ಮರುವಾರ ಬಂದಾಗ ವಾಪಸ್ ತಗೊಂಡ ಪೀಸನ್ನು ಆ ಮೇಜಿನ ಮೇಲೆ ಅವರ ಸೀರೆಯ ಪಕ್ಕ ಇಟ್ಟೆ. ಕಂದು ಕಂದಾಗಿಯೇ ಕಂಡಿತು. ನಾಲ್ಕು ಥಾನು ಬಿಚ್ಚಿದ ಮೇಲೆ ಐದನೆಯದು ಕೂಡಿತು. ಅವರೇ ಅದನ್ನು ಬಾಗಿಲಿಗೆ ಒಯ್ದು ಹಿಡಿದು ನೋಡಿ, "ಹಾಕ್ರಿ ಕತ್ತರಿ" ಅಂದರು.